ಹುಡುಕಿದಾಗ ಮೊದಲು ಸಿಗುವವರು ಯಾರು?

ಅಜ್ಜ ಅಜ್ಜಿಯರಿಗೆ ಟೆಲಿಫೋನ್ ಡೈರೆಕ್ಟರಿ ನೆನಪಿರುತ್ತದೆ. ಮಕ್ಕಳೇ, ನೀವು ಅದನ್ನು ನೋಡಿರಲಿಕ್ಕಿಲ್ಲ. ಊರಿನವರ ಫೋನ್ ನಂಬರುಗಳನ್ನೆಲ್ಲ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಅಚ್ಚು ಹಾಕಿದ ಪುಸ್ತಕ ಅದು. ಬೆಂಗಳೂರಿನದಂತೂ ಎಷ್ಟು ದಪ್ಪವಿತ್ತೆಂದರೆ, ಹಳತಾದ ಮೇಲೆ ಪುಟ್ಟ ಮಗುವನ್ನು ಕುರ್ಚಿಯ ಮೇಲೆ ಎತ್ತರಿಸಿ ಕೂರಿಸಲಿಕ್ಕೆ ಒದಗುತ್ತಿತ್ತು. ಆ ಪುಸ್ತಕದ ಮೊದಲ ಪುಟದಲ್ಲೇ ತಮ್ಮ ಹೆಸರು ಬರಲಿ ಎಂದು ಕೆಲವು ವ್ಯಾಪಾರಿಗಳು ಅಂಗಡಿಗೆ ‘ಎ ಒನ್’ ಎಂದೋ ‘ಎಎಎ’ ಎಂದೋ ಹೆಸರಿಡುತ್ತಿದ್ದರು. ಹುಡುಕುವವನ ಬೆರಳು ಮೊದಲು ಮುಟ್ಟುವ ಜಾಗದಲ್ಲಿ ತಾನಿರಬೇಕು ಎಂಬ ಆಸೆ ಹೊಸತಲ್ಲ.

ಈಗ ಡೈರೆಕ್ಟರಿ ಹೋಯಿತು, ಗೂಗಲ್ ಬಂತು. ಹೆಸರನ್ನು ‘ಎ’ಯಿಂದ ಶುರು ಮಾಡಿದರೆ ಇಲ್ಲಿ ಏನೂ ನಡೆಯದು. ಹಾಗಾದರೆ ಇಲ್ಲಿ ಮೇಲಿನ ಸಾಲಿಗೆ ಬರುವುದು ಹೇಗೆ? ಈ ಪ್ರಶ್ನೆ ನಮ್ಮ ಕೊಡಗಿನಲ್ಲಿ ಎಷ್ಟೋ ಮನೆಗಳ ಹೊಟ್ಟೆಪಾಡಿನ ಪ್ರಶ್ನೆ. ಕಾಫಿ ಬೆಲೆ ಏರುತ್ತದೆ, ಇಳಿಯುತ್ತದೆ. ಮಳೆ ಒಂದು ವರ್ಷ ಹೆಚ್ಚು, ಇನ್ನೊಂದು ವರ್ಷ ಕಡಿಮೆ. ಹಾಗಾಗಿ ತೋಟದ ಮನೆಯ ಎರಡು ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿ, ಬರುವ ಅತಿಥಿಗಳಿಂದ ನಾಲ್ಕು ಕಾಸು ಕಾಣುವವರು ಇಲ್ಲಿ ಬಹಳ. ಅತಿಥಿಗಳು ಮನೆ ಹುಡುಕುವುದು ಮೊಬೈಲಿನಲ್ಲಿ. ಅಲ್ಲಿ ಕಾಣದವನ ಕೋಣೆ ಖಾಲಿ.

ನಮ್ಮ ಕಡೆಯ ಅಂಥ ಒಂದು ಮನೆಯವರು ಹೋದ ವರ್ಷ ನನ್ನಲ್ಲಿಗೆ ಬಂದರು. ಮೂರು ಕೋಣೆಯ ಹೋಂಸ್ಟೇ. ಮಗಳ ಓದಿಗೆ ಬ್ಯಾಂಕಿನಲ್ಲಿ ಸಾಲವಿದೆ. ಅವರ ವೆಬ್‌ಸೈಟ್ ಗೂಗಲ್‌ನಲ್ಲಿ ಹುಡುಕಿದರೆ ಹತ್ತು ಪುಟ ದಾಟಿದರೂ ಸಿಗುತ್ತಿರಲಿಲ್ಲ. ಅಷ್ಟರಲ್ಲಿ ಯಾರೋ ಫೋನ್ ಮಾಡಿ, ‘ನಲವತ್ತು ಸಾವಿರ ರೂಪಾಯಿ ಮುಂಗಡ ಕೊಡಿ, ಮೂವತ್ತು ದಿನದಲ್ಲಿ ನಿಮ್ಮನ್ನು ಗೂಗಲ್‌ನಲ್ಲಿ ನಂಬರ್ ಒನ್ ಮಾಡುತ್ತೇವೆ, ಗ್ಯಾರಂಟಿ’ ಎಂದಿದ್ದರಂತೆ. ಕೊಡಬಹುದೇ ಎಂಬುದು ಅವರ ಪ್ರಶ್ನೆ. ಬ್ಯಾಂಕಿನಲ್ಲಿ ಕೂತವನಿಗೆ ‘ಗ್ಯಾರಂಟಿ’ ಎಂಬ ಪದ ಕೇಳಿದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ‘ಗ್ಯಾರಂಟಿ ಕೊಡುವವನ ಕೈಯಲ್ಲಿ ಆ ವಸ್ತು ಇದೆಯೇ ಎಂದು ಮೊದಲು ನೋಡೋಣ’ ಎಂದೆ.

ನೋಡಲಿಕ್ಕೆ ಗೂಗಲ್ ಹೇಗೆ ಕೆಲಸ ಮಾಡುತ್ತದೆಂದು ತಿಳಿಯಬೇಕಲ್ಲ? ಅದು ಅಷ್ಟೇನೂ ಕಷ್ಟವಿಲ್ಲ.

ನಿಮ್ಮ ಪಠ್ಯಪುಸ್ತಕದಲ್ಲಿ ‘ಕಾವೇರಿ’ ಎಂಬ ಮಾತು ಎಲ್ಲೆಲ್ಲಿದೆ ಎಂದು ತಿಳಿಯಲು ಎರಡು ದಾರಿ. ಒಂದು, ಇಡೀ ಪುಸ್ತಕ ಓದುವುದು. ಇನ್ನೊಂದು, ಕೊನೆಯಲ್ಲಿ ಪದಸೂಚಿ ಇದ್ದರೆ ಅಲ್ಲಿ ನೋಡುವುದು: ಕಾವೇರಿ, ಪುಟ 14, 37, 62. ಗೂಗಲ್ ಇಡೀ ಜಗತ್ತಿನ ವೆಬ್ ಪುಟಗಳಿಗೆ ಇಂಥ ಒಂದು ಪದಸೂಚಿ ಮಾಡಿಟ್ಟುಕೊಂಡಿದೆ. ಅದರ ತಂತ್ರಾಂಶವೊಂದು ಒಂದು ಪುಟದಿಂದ ಕೊಂಡಿ ಹಿಡಿದು ಇನ್ನೊಂದು ಪುಟಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಗಲು ರಾತ್ರಿ ಓಡಾಡುತ್ತದೆ. ನೋಡಿದ್ದನ್ನು ಸೂಚಿಗೆ ಸೇರಿಸುತ್ತದೆ. ನೀವು ‘ಕಾವೇರಿ’ ಎಂದು ಒತ್ತಿದಾಗ ಅದು ಜಗತ್ತನ್ನು ಹುಡುಕಲು ಹೊರಡುವುದಿಲ್ಲ. ಮೊದಲೇ ಮಾಡಿಟ್ಟ ಸೂಚಿಯನ್ನು ನೋಡುತ್ತದೆ. ಅದಕ್ಕೇ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ.

ಆದರೆ ಸೂಚಿಯಲ್ಲಿ ಲಕ್ಷ ಪುಟ ಸಿಕ್ಕರೆ ಯಾವುದನ್ನು ಮೇಲಿಡುವುದು? ಇಲ್ಲಿಯೇ ನನಗೆ ನಮ್ಮ ಹಳೆಯ ಬ್ಯಾಂಕ್ ನೆನಪಾಗುವುದು. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಆಧಾರ್ ಇಲ್ಲ, ಪಾನ್ ಕಾರ್ಡ್ ಎಲ್ಲರಲ್ಲಿ ಇಲ್ಲ. ಹೊಸಬರು ಖಾತೆ ತೆರೆಯಲು ಬಂದರೆ ಹಳೆಯ ಖಾತೆದಾರರೊಬ್ಬರು ‘ಇವರನ್ನು ನಾನು ಬಲ್ಲೆ’ ಎಂದು ಅರ್ಜಿಯಲ್ಲಿ ಸಹಿ ಹಾಕಬೇಕಿತ್ತು. ಇಪ್ಪತ್ತು ವರ್ಷದಿಂದ ವ್ಯವಹಾರ ಇಟ್ಟುಕೊಂಡ ಹೆಡ್‌ಮಾಸ್ತರರ ಸಹಿಗೆ ಒಂದು ತೂಕ. ಹೋದ ವಾರ ಖಾತೆ ತೆರೆದವನ ಸಹಿಗೆ ಇನ್ನೊಂದು ತೂಕ. ಕಂಡಕಂಡವರಿಗೆಲ್ಲ ಸಹಿ ಹಾಕಿಕೊಡುವ ಧಾರಾಳಿಯೂ ಒಬ್ಬನಿರುತ್ತಿದ್ದ; ಅವನ ಸಹಿ ಕಂಡರೆ ಮ್ಯಾನೇಜರು ಇನ್ನೊಂದು ಪರಿಚಯ ಕೇಳುತ್ತಿದ್ದರು.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಎಂಬ ಇಬ್ಬರು 1990ರ ದಶಕದ ಕೊನೆಯಲ್ಲಿ ಹೆಚ್ಚು ಕಡಿಮೆ ಇದೇ ವಿಚಾರವನ್ನು ಲೆಕ್ಕಕ್ಕೆ ಇಳಿಸಿದರು. ಒಂದು ಪುಟ ಇನ್ನೊಂದಕ್ಕೆ ಕೊಂಡಿ ಕೊಟ್ಟರೆ ಅದು ಪರಿಚಯದ ಸಹಿ ಇದ್ದ ಹಾಗೆ. ದೊಡ್ಡ ಪುಟದ ಸಹಿಗೆ ತೂಕ ಹೆಚ್ಚು. ಆದರೆ ಒಂದು ಪುಟ ಎಷ್ಟು ಜನಕ್ಕೆ ಸಹಿ ಹಾಕುತ್ತದೋ ಅದರ ತೂಕ ಅಷ್ಟು ಪಾಲಾಗಿ ಹಂಚಿಹೋಗುತ್ತದೆ. ಇದಕ್ಕೆ ಅವರಿಟ್ಟ ಹೆಸರು ಪೇಜ್‌ರ‍್ಯಾಂಕ್. ಇದರಲ್ಲಿರುವ ‘ಪೇಜ್’ ಲ್ಯಾರಿ ಪೇಜ್ ಅವರ ಹೆಸರೂ ಹೌದು. 1998ರಲ್ಲಿ ಕಂಪನಿ ಶುರುವಾಯಿತು. ಗೂಗಲ್ ಎಂಬ ಹೆಸರು ಬಂದದ್ದು ‘ಗೂಗೋಲ್’ ಎಂಬ ಸಂಖ್ಯೆಯಿಂದ: 1ರ ಮುಂದೆ 100 ಸೊನ್ನೆ. ಆ ಸಂಖ್ಯೆಗೆ ಹೆಸರು ಸೂಚಿಸಿದ್ದು ಗಣಿತಜ್ಞ ಎಡ್ವರ್ಡ್ ಕಾಸ್ನರ್ ಅವರ ಒಂಬತ್ತು ವರ್ಷದ ಸೋದರಳಿಯ. ಗಣಿತಕ್ಕೆ ಪದ ಕೊಡಲು ಮಕ್ಕಳಿಗೂ ಆಗುತ್ತದೆ, ನೋಡಿ.

ಪೇಜ್‌ರ‍್ಯಾಂಕನ್ನು ಮನೆಯಲ್ಲೇ ಆಡಿ ನೋಡಬಹುದು. 36 ಕಾಫಿ ಬೀಜ ತೆಗೆದುಕೊಳ್ಳಿ. ಮೂವರು ಕೂತುಕೊಳ್ಳಿ: ಒಬ್ಬರು ಶಾಲೆ, ಒಬ್ಬರು ಅಂಗಡಿ, ಒಬ್ಬರು ಹೋಂಸ್ಟೇ. ಒಬ್ಬೊಬ್ಬರಿಗೆ 12 ಬೀಜ. ಶಾಲೆ ಅಂಗಡಿಗೂ ಹೋಂಸ್ಟೇಗೂ ಪರಿಚಯ ಕೊಡುತ್ತದೆ, ಆದ್ದರಿಂದ ತನ್ನ ಬೀಜವನ್ನು ಇಬ್ಬರಿಗೂ ಸಮನಾಗಿ ಹಂಚಬೇಕು. ಅಂಗಡಿ ಹೋಂಸ್ಟೇಗೆ ಮಾತ್ರ ಕೊಡುತ್ತದೆ. ಹೋಂಸ್ಟೇ ಶಾಲೆಗೆ ಮಾತ್ರ ಕೊಡುತ್ತದೆ. ಮೂವರೂ ಒಟ್ಟಿಗೆ ಕೊಡಿ. ಈಗ ಶಾಲೆಯಲ್ಲಿ 12, ಅಂಗಡಿಯಲ್ಲಿ 6, ಹೋಂಸ್ಟೇಯಲ್ಲಿ 18. ಇನ್ನೊಂದು ಸುತ್ತು ಆಡಿ: 18, 6, 12. ಮತ್ತೊಂದು: 12, 9, 15. ಹೀಗೇ ಆಡುತ್ತ ಹೋಗಿ. ಅರ್ಧ ಬೀಜ ಬಂದಾಗ ಕತ್ತರಿಸಬೇಡಿ, ಕಾಗದದಲ್ಲಿ ಬರೆದುಕೊಳ್ಳಿ. ಸುತ್ತುಗಳು ಹೆಚ್ಚಿದಂತೆ ಅಲ್ಲಾಟ ಕಡಿಮೆಯಾಗಿ ಶಾಲೆ ಮತ್ತು ಹೋಂಸ್ಟೇ ಹದಿನಾಲ್ಕೂವರೆಯ ಹತ್ತಿರ, ಅಂಗಡಿ ಏಳರ ಹತ್ತಿರ ನಿಲ್ಲುತ್ತವೆ. ಇಲ್ಲಿ ಒಂದು ಸ್ವಾರಸ್ಯ ನೋಡಿ. ಶಾಲೆಗೂ ಒಬ್ಬರದೇ ಪರಿಚಯ, ಅಂಗಡಿಗೂ ಒಬ್ಬರದೇ ಪರಿಚಯ. ಆದರೂ ಶಾಲೆಗೆ ಎರಡು ಪಟ್ಟು. ಯಾರು ಪರಿಚಯ ಕೊಟ್ಟರು, ಅವರು ಎಷ್ಟು ಜನಕ್ಕೆ ಕೊಟ್ಟರು ಎಂಬುದರ ಮೇಲೆ ಲೆಕ್ಕ.

ಈಗ ಗೂಗಲ್ ಇದೊಂದನ್ನೇ ನೋಡುವುದಿಲ್ಲ. ಕೇಳಿದ ಪ್ರಶ್ನೆಗೆ ಪುಟದಲ್ಲಿ ಉತ್ತರವಿದೆಯೇ, ಮೊಬೈಲಿನಲ್ಲಿ ಸರಿಯಾಗಿ ಕಾಣುತ್ತದೆಯೇ, ಬೇಗ ತೆರೆದುಕೊಳ್ಳುತ್ತದೆಯೇ, ಕೇಳುವವರು ಎಲ್ಲಿದ್ದಾರೆ ಎಂದು ಹತ್ತಾರು ಸಂಗತಿ ನೋಡುತ್ತದೆ. ಆದರೆ ಹಣ ಪಡೆದು ಈ ಸಾಲಿನಲ್ಲಿ ಜಾಗ ಕೊಡುವುದಿಲ್ಲ ಎಂದು ಆ ಕಂಪನಿಯೇ ಹೇಳುತ್ತದೆ. ಹಣ ಕೊಟ್ಟವರದ್ದು ಜಾಹೀರಾತು. ಅದರ ಮೇಲೆ ‘ಪ್ರಾಯೋಜಿತ’ ಎಂಬ ಚೀಟಿ ಇರುತ್ತದೆ. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಕೊಡಲಾಗದು ಎಂದೂ ಗೂಗಲ್ ತನ್ನ ಮಾರ್ಗದರ್ಶನದಲ್ಲಿ ಬರೆದಿದೆ. ಅಲ್ಲಿಗೆ ನಲವತ್ತು ಸಾವಿರದ ಪ್ರಶ್ನೆ ಮುಗಿಯಿತು. ತನ್ನದಲ್ಲದ ಗದ್ದೆಯನ್ನು ಮಾರಲು ಬಂದವನಿಗೆ ಮುಂಗಡ ಕೊಡುತ್ತೇವೆಯೇ?

ಹಣ ಉಳಿಯಿತು, ಕೋಣೆ ಮಾತ್ರ ಖಾಲಿಯೇ ಇತ್ತು. ಹಾಗಾಗಿ ನಾವೇ ಕೆಲಸ ಶುರು ಮಾಡಿದೆವು. ಕಂಪ್ಯೂಟರ್ ಒತ್ತಲು ಆ ಮನೆಯ ಒಂಬತ್ತನೇ ತರಗತಿಯ ಕಿರಿಮಗಳು. ಲೆಕ್ಕ ಬರೆದುಕೊಳ್ಳಲು ನಾನು. ಮುಖ್ಯ ಕೆಲಸ ಆ ಮನೆಯ ಅಜ್ಜಿಯದು. ಯಾಕೆಂದರೆ ಅತಿಥಿಗಳ ಫೋನ್ ಎತ್ತುವವರು ಅವರೇ. ಜನ ಏನು ಕೇಳುತ್ತಾರೆಂದು ಅವರಿಗೆ ಗೊತ್ತು. ‘ಮೆಟ್ಟಿಲು ಹತ್ತಬೇಕಾ? ಮಂಡಿ ನೋವಿನವರು ಇದ್ದಾರೆ.’ ‘ಮಗುವಿಗೆ ಖಾರ ಇಲ್ಲದ ಊಟ ಸಿಗುತ್ತದಾ?’ ‘ಜಿಗಣೆ ಇದೆಯಾ?’ ‘ನಮ್ಮ ಸಣ್ಣ ಕಾರು ಮನೆವರೆಗೆ ಬರುತ್ತದಾ?’ ಹುಡುಗಿ ಇಪ್ಪತ್ತೆರಡು ಪ್ರಶ್ನೆ ಬರೆದುಕೊಂಡಳು. ಹಳೆಯ ವೆಬ್‌ಸೈಟಿನಲ್ಲಿ ಇವುಗಳಲ್ಲಿ ಒಂದಕ್ಕೂ ಉತ್ತರವಿರಲಿಲ್ಲ. ‘ಸ್ವರ್ಗಕ್ಕೆ ಸ್ವಾಗತ’ ಎಂದು ಬಣ್ಣದಲ್ಲಿ ಬರೆದಿತ್ತು. ಸ್ವರ್ಗದಲ್ಲಿ ಮೆಟ್ಟಿಲು ಎಷ್ಟು ಎಂದು ಬರೆದಿರಲಿಲ್ಲ!

ಮೊದಲು ಹೆಸರು ಸರಿಪಡಿಸಿದೆವು. ನಾವು ಕೊಡಗು ಎನ್ನುತ್ತೇವೆ. ಹೊರಗಿನವರು ಕೂರ್ಗ್ ಎಂದು ಒತ್ತುತ್ತಾರೆ. 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಂದಿಗೆ ಸೇರುವವರೆಗೆ ನಮ್ಮದು ಕೂರ್ಗ್ ಎಂಬ ಪ್ರತ್ಯೇಕ ರಾಜ್ಯವೇ ಆಗಿತ್ತು; ಭೌಗೋಳಿಕ ಗುರುತು ಪಡೆದ ನಮ್ಮ ಕಿತ್ತಳೆ, ಏಲಕ್ಕಿ, ಅರೇಬಿಕಾ ಕಾಫಿಯ ಹೆಸರಿನಲ್ಲೂ ಕೂರ್ಗ್ ಇದೆ. ಹಾಗಾಗಿ ಪುಟದಲ್ಲಿ ಎರಡೂ ಹೆಸರು ಬರೆದೆವು. ಜೊತೆಗೆ ಹತ್ತಿರದ ಊರು, ಹೋಬಳಿ, ತಾಲ್ಲೂಕು. ಬರೇ ‘ಕೂರ್ಗ್ ಹೋಂಸ್ಟೇ’ ಎಂದು ಹುಡುಕಿದರೆ ದೊಡ್ಡ ದೊಡ್ಡ ಬುಕಿಂಗ್ ಕಂಪನಿಗಳು ಮುಂದೆ ನಿಂತಿರುತ್ತವೆ. ಅವುಗಳ ಜೊತೆ ಕುಸ್ತಿ ಬೇಡ. ‘ಮೆಟ್ಟಿಲಿಲ್ಲದ, ವಯಸ್ಸಾದವರಿಗೆ ಅನುಕೂಲವಾದ ತೋಟದ ಮನೆ’ ಎಂದು ಹುಡುಕುವವರು ಕಡಿಮೆ. ಆದರೆ ಹಾಗೆ ಹುಡುಕುವವರಿಗೆ ಬೇಕಾದದ್ದು ಈ ಮನೆಯೇ.

ಆಮೇಲೆ ಅಕ್ಷರದ ವಿಷಯ. ಹಳೆಯ ಸೈಟಿನಲ್ಲಿ ವಿವರವೆಲ್ಲ ಒಂದು ಚಿತ್ರದಲ್ಲಿತ್ತು, ಕರಪತ್ರದ ಫೋಟೋ ತೆಗೆದು ಹಾಕಿದ್ದರು. ಯಂತ್ರಕ್ಕೆ ಓದಲು ಬೇಕಾದದ್ದು ಅಕ್ಷರ. ಕನ್ನಡಕ್ಕೆ ಇನ್ನೂ ಒಂದು ತೊಡಕಿತ್ತು. ಹಿಂದೆ ಕನ್ನಡ ತಾಣಗಳಲ್ಲಿ ಬಳಸುತ್ತಿದ್ದ ಅನೇಕ ಫಾಂಟ್‌ಗಳು ಕಣ್ಣಿಗೆ ಕನ್ನಡ ತೋರಿಸುತ್ತಿದ್ದವು. ಒಳಗೆ ಇಂಗ್ಲಿಷ್ ಅಕ್ಷರಗಳ ಸಂಕೇತವೇ ಇರುತ್ತಿತ್ತು. ಮೇಲೆ ಕನ್ನಡದ ಅಂಗಿ, ಒಳಗೆ ಬೇರೆ ಆಳು. ಹುಡುಕುಯಂತ್ರಕ್ಕೆ ಅಲ್ಲಿ ಕನ್ನಡ ಕಾಣುತ್ತಲೇ ಇರಲಿಲ್ಲ. ಯೂನಿಕೋಡ್ ಎಂಬ ಜಾಗತಿಕ ಸಂಕೇತ ವ್ಯವಸ್ಥೆಯಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಜಾಗವಿದೆ. ಯೂನಿಕೋಡ್ ಬಳಕೆ ಹರಡಿದ ಮೇಲೆ ‘ಕ’ ಎಂದರೆ ಎಲ್ಲ ಕಂಪ್ಯೂಟರಿಗೂ ‘ಕ’ ಆಯಿತು. ನಿಮ್ಮ ಶಾಲೆಯ, ಸಂಘದ ಹಳೆಯ ಬರಹಗಳು ಹಳೆಯ ಫಾಂಟಿನಲ್ಲಿದ್ದರೆ ಯೂನಿಕೋಡಿಗೆ ಬದಲಾಯಿಸಿ ಹಾಕಿ. ಹಾಗೆ ಮಾಡದಿದ್ದರೆ ಅವು ಇದ್ದೂ ಇಲ್ಲದಂತೆ.

ಫೋಟೋಗಳನ್ನು ಹುಡುಗಿ ಸಣ್ಣದು ಮಾಡಿದಳು. ನಮ್ಮ ಬೆಟ್ಟಗಳಲ್ಲಿ ಸಿಗ್ನಲ್ ಒಂದೇ ಗೆರೆ. ದೊಡ್ಡ ಫೋಟೋ ತೆರೆಯುವಷ್ಟರಲ್ಲಿ ಅತಿಥಿ ಬೇರೆ ಮನೆಗೆ ಹೋಗಿರುತ್ತಾನೆ. ಪ್ರತಿ ಫೋಟೋಗೂ ‘ನೆಲ ಅಂತಸ್ತಿನ ಕೋಣೆ, ಬಾಗಿಲಿನವರೆಗೆ ಇಳಿಜಾರು ದಾರಿ’ ಎಂದು ಒಂದು ಸಾಲಿನ ವಿವರ ಸೇರಿಸಿದಳು. ಆ ಸಾಲು ಯಂತ್ರಕ್ಕೂ ಅರ್ಥವಾಗುತ್ತದೆ. ಕಣ್ಣು ಕಾಣದವರ ಫೋನು ಅದನ್ನೇ ಗಟ್ಟಿಯಾಗಿ ಓದಿ ಹೇಳುತ್ತದೆ. ಮನೆಯ ಹೆಸರು, ವಿಳಾಸ, ಫೋನ್ ನಂಬರು ವೆಬ್‌ಸೈಟ್, ಗೂಗಲ್ ನಕ್ಷೆ, ಬಾಗಿಲ ಬೋರ್ಡು ಎಲ್ಲ ಕಡೆ ಒಂದೇ ರೀತಿ ಇರುವಂತೆ ನೋಡಿಕೊಂಡೆವು. ನಕ್ಷೆಯಲ್ಲಿ ಹೆಸರು ಸೇರಿಸಲು ಹಣ ಬೇಕಿಲ್ಲ.

ನಂತರ ಬಂತು ನಿಜವಾದ ಚರ್ಚೆ. ಮನೆಯ ಯಜಮಾನರಿಗೆ ಜಿಗಣೆಯ ವಿಷಯ ಬರೆಯಲು ಮನಸ್ಸಿರಲಿಲ್ಲ. ‘ಮಳೆಗಾಲದಲ್ಲಿ ಜಿಗಣೆ ಇದೆ, ಕೊನೆಯ ಒಂದು ಕಿಲೋಮೀಟರ್ ಮಣ್ಣುದಾರಿ, ಕರೆಂಟು ಹೋಗುತ್ತದೆ ಎಂದೆಲ್ಲ ಬರೆದರೆ ಯಾರು ಬರುತ್ತಾರೆ?’ ಎಂದರು. ಅದಕ್ಕೆ ಬದಲು ‘ಅಬ್ಬಿ ಜಲಪಾತಕ್ಕೆ ಐದೇ ನಿಮಿಷ’ ಎಂದು ಹಾಕೋಣ, ನೆಂಟರಿಷ್ಟರಿಂದ ಹತ್ತು ಐದು-ನಕ್ಷತ್ರದ ಹೊಗಳಿಕೆ ಬರೆಸೋಣ ಎಂಬುದು ಅವರ ಸಲಹೆ. ಅಬ್ಬಿ ಅಲ್ಲಿಂದ ಒಂದು ಗಂಟೆಯ ದಾರಿ. ಅಜ್ಜಿ ಸೌಟು ಕೆಳಗಿಟ್ಟು ಹೇಳಿದರು: ‘ಉಣ್ಣದವರು ರುಚಿ ಹೇಳುವುದೆಂದರೇನು? ಬಂದವರು ಮಣ್ಣುದಾರಿಯಲ್ಲಿ ಸಿಕ್ಕಿಕೊಂಡು ನನ್ನ ಮುಖ ನೋಡುತ್ತಾರೆ, ನಿನ್ನ ಕಂಪ್ಯೂಟರಿನ ಮುಖ ಅಲ್ಲ.’

ಅಜ್ಜಿಯ ಮಾತಿಗೆ ಈಗ ಸರಕಾರಿ ಬೆಂಬಲವೂ ಇದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಆನ್‌ಲೈನ್ ವಿಮರ್ಶೆಗಳಿಗಾಗಿಯೇ ಐಎಸ್ 19000 ಎಂಬ ಮಾನಕ ಹೊರತಂದಿತು; ಸುಳ್ಳು ವಿಮರ್ಶೆ ತಡೆಯುವುದು ಅದರ ಉದ್ದೇಶ. ಅಡ್ಡದಾರಿ ಹಿಡಿದ ದೊಡ್ಡವರೂ ಪೆಟ್ಟು ತಿಂದಿದ್ದಾರೆ. 2006ರ ಫೆಬ್ರವರಿಯಲ್ಲಿ ಬಿಎಂಡಬ್ಲ್ಯು ಕಾರು ಕಂಪನಿಯ ಜರ್ಮನಿಯ ತಾಣವನ್ನು ಗೂಗಲ್ ತನ್ನ ಸೂಚಿಯಿಂದಲೇ ಕಿತ್ತುಹಾಕಿತ್ತು. ಯಂತ್ರಕ್ಕೆ ಒಂದು ಪುಟ, ಮನುಷ್ಯರಿಗೆ ಇನ್ನೊಂದು ಪುಟ ತೋರಿಸುತ್ತಿದ್ದುದೇ ಕಾರಣ. ಎರಡು ಲೆಕ್ಕದ ಪುಸ್ತಕ ಇಟ್ಟ ಹಾಗೆ. ಸರಿಪಡಿಸಿದ ಮೇಲೆ ಮತ್ತೆ ಸೇರಿಸಿಕೊಂಡರು. ಅಷ್ಟು ದೊಡ್ಡ ಕಂಪನಿ ತಡೆದುಕೊಂಡೀತು. ಮೂರು ಕೋಣೆಯ ಮನೆ ಸೂಚಿಯಿಂದ ಹೊರಬಿದ್ದರೆ ಸಾಲದ ಕಂತು ಕಟ್ಟುವವರು ಯಾರು? ಯಜಮಾನರು ಒಪ್ಪಿದರು. ಜಿಗಣೆ ಪುಟಕ್ಕೆ ಬಂತು, ಅದರ ಪಕ್ಕದಲ್ಲಿ ‘ಉಪ್ಪು, ಉದ್ದ ಕಾಲುಚೀಲ ನಾವೇ ಕೊಡುತ್ತೇವೆ’ ಎಂಬ ಸಾಲೂ ಬಂತು.

ಇನ್ನು ಪರಿಚಯದ ಸಹಿ. ಅದನ್ನು ಕೊಳ್ಳಬಾರದು ಎಂದಾದರೆ ಸಂಪಾದಿಸುವುದು ಹೇಗೆ? ಅಜ್ಜಿಗೆ ಕಕ್ಕಡ ಹದಿನೆಂಟರ ಮದ್ದು ಪಾಯಸ ಚೆನ್ನಾಗಿ ಗೊತ್ತು. ಆಗಸ್ಟಿನ ಮೊದಲ ವಾರದಲ್ಲಿ ಬರುವ ಆ ದಿನ ಮದ್ದು ಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ. ನೇರಳೆ ಬಣ್ಣ ಬರುತ್ತದೆ. ಸೊಪ್ಪು ಹೇಗಿರುತ್ತದೆ, ಹೇಗೆ ಕುದಿಸಬೇಕು, ಎಷ್ಟು ಬೆಲ್ಲ ಎಂದು ಅಜ್ಜಿ ಹೇಳಿದ್ದನ್ನು ಮೊಮ್ಮಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಫೋಟೋ ಸಮೇತ ಹಾಕಿದಳು. ಅದನ್ನು ನೋಡಿ ಗಿಡಮೂಲಿಕೆಯ ಬಗ್ಗೆ ಬರೆಯುವ ಮೇಷ್ಟರೊಬ್ಬರು ತಮ್ಮ ಪುಟದಿಂದ ಕೊಂಡಿ ಕೊಟ್ಟರು. ಅಡುಗೆ ಬರೆಯುವ ಮತ್ತಿಬ್ಬರು ಕೊಟ್ಟರು. ಯಾರನ್ನೂ ಕೇಳಿರಲಿಲ್ಲ. ನಮ್ಮ ಬ್ಯಾಂಕಿನ ಹೆಡ್‌ಮಾಸ್ತರರ ಸಹಿ ಎಂದರೆ ಇಂಥದ್ದೇ.

ಫಲ ಏನಾಯಿತು? ಮೊದಲ ಎರಡು ತಿಂಗಳು ಏನೂ ಇಲ್ಲ. ಯಜಮಾನರು ದಿನಾ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ಕಾಫಿ ಗಿಡ ನೆಟ್ಟ ಮರುದಿನ ಹಣ್ಣು ಕೊಯ್ಯುತ್ತೀರಾ ಎಂದು ಸಮಾಧಾನ ಹೇಳಿದ್ದೆ. ಐದನೇ ತಿಂಗಳ ಹೊತ್ತಿಗೆ, ವಯಸ್ಸಾದವರನ್ನು ಕರೆದುಕೊಂಡು ಹೋಗಬಹುದಾದ ಮನೆ ಎಂದು ಹುಡುಕಿದರೆ ಅವರ ಪುಟ ಮೊದಲ ಹತ್ತರೊಳಗೆ ಬರತೊಡಗಿತು. ‘ಕೂರ್ಗ್ ಹೋಂಸ್ಟೇ’ ಎಂದು ಹುಡುಕಿದರೆ ಇಂದಿಗೂ ಅವರು ಹಿಂದೆಯೇ. ಆದರೆ ವಾರಾಂತ್ಯಗಳಲ್ಲಿ ಎರಡು ಕೋಣೆಯಾದರೂ ತುಂಬುತ್ತವೆ. ಬರುವವರು ಅಜ್ಜ ಅಜ್ಜಿಯರ ಜೊತೆ ಬರುವ ಸಂಸಾರಗಳು. ಜಿಗಣೆಯ ಬಗ್ಗೆ ಈವರೆಗೆ ದೂರು ಬಂದಿಲ್ಲವಂತೆ.

ಒಮ್ಮೆ ಬರೆದು ಬಿಟ್ಟರೆ ಸಾಲದು ಎಂಬುದನ್ನೂ ಹೇಳಬೇಕು. 2018ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಗುಡ್ಡಗಳು ಕುಸಿದು, ಪ್ರವಾಸಿಗರು ಬರಬಾರದೆಂದು ಜಿಲ್ಲಾಡಳಿತವೇ ತಡೆದಿತ್ತು. ಹಿಂದಿನ ವರ್ಷ ‘ಮಳೆ ನೋಡಲು ಬನ್ನಿ’ ಎಂದು ಬರೆದಿಟ್ಟ ಪುಟಕ್ಕೆ ಅದು ಗೊತ್ತಾಗುವುದು ಹೇಗೆ? ಮಳೆಗಾಲದಲ್ಲಿ ದಾರಿಯ ಸ್ಥಿತಿ ಬದಲಾದ ಕೂಡಲೇ ತಿದ್ದುವುದು ಈಗ ಆ ಹುಡುಗಿಯ ಕೆಲಸ.

ಹಿರಿಯರಿಗೆ ಒಂದು ಮಾತು. ಒಳ್ಳೆಯವರು ಮೇಲೆ ಬರಲು ಕಲಿತ ಹಾಗೆ ಕಳ್ಳರೂ ಕಲಿತಿದ್ದಾರೆ. ಬ್ಯಾಂಕಿನ ಗ್ರಾಹಕ ಸೇವಾ ನಂಬರ್ ಎಂದು ಹುಡುಕಿದಾಗ ಮೇಲೆ ಕಾಣುವ ನಂಬರು ವಂಚಕರದ್ದೂ ಇರಬಹುದು. ರಿಸರ್ವ್ ಬ್ಯಾಂಕ್ 2022ರಲ್ಲಿ ಪ್ರಕಟಿಸಿದ ಎಚ್ಚರಿಕೆಯ ಪುಸ್ತಿಕೆಯಲ್ಲಿ ಈ ಮೋಸಕ್ಕೆ ಬೇರೆಯದೇ ಜಾಗ ಕೊಟ್ಟಿದೆ. ಯಂತ್ರ ಒಂದು ಪುಟವನ್ನು ಮೇಲಿಟ್ಟಿತೆಂದರೆ ಅದು ನಿಜವೆಂದು ಸಹಿ ಹಾಕಿದಂತಲ್ಲ. ಬ್ಯಾಂಕಿನ ನಂಬರು ಬೇಕಾದರೆ ಪಾಸ್‌ಬುಕ್ಕಿನಲ್ಲಿ ಅಥವಾ ಎಟಿಎಂ ಕಾರ್ಡಿನ ಹಿಂಭಾಗದಲ್ಲಿ ನೋಡಿ. ಮೋಸ ಹೋದರೆ ನಾಚಿಕೆಪಟ್ಟು ಕೂರಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಮಕ್ಕಳೇ, ಈ ವಾರದ ಕೆಲಸ ಇದು. ನಿಮ್ಮ ಊರಿನ ಬಗ್ಗೆ ಹೊರಗಿನವರು ಕೇಳಬಹುದಾದ ಹತ್ತು ಪ್ರಶ್ನೆ ಬರೆಯಿರಿ. ಒಂದೊಂದನ್ನೂ ಕನ್ನಡದಲ್ಲಿ ಒತ್ತಿ ಹುಡುಕಿ. ಉತ್ತರ ಸಿಗದ ಪ್ರಶ್ನೆಗಳನ್ನು ಬೇರೆ ಮಾಡಿ ಅಜ್ಜಿಯ ಮುಂದೆ ಇಡಿ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಶಾಲೆಯ ವೆಬ್‌ಸೈಟ್ ಇದ್ದರೆ ಮೇಷ್ಟರನ್ನು ಕೇಳಿ ಅದರಲ್ಲಿ ಹಾಕಿ. ಯಾವ ಪ್ರಶ್ನೆಗೆ ಎಲ್ಲೂ ಉತ್ತರವೇ ಇಲ್ಲವೋ ಅಲ್ಲಿ ಮೊದಲ ಸ್ಥಾನ ಖಾಲಿ ಇದೆ ಎಂದು ಅರ್ಥ.